ನಹುಷನ ಪಲ್ಲಕ್ಕಿ

ನವರಾತ್ರಿಯ ಪಾರಾಯಣದಲ್ಲಿ ಕೇಳಿಬರುವ ದೈತ್ಯರ ಪಟ್ಟಿ ಸಣ್ಣದಲ್ಲ. ಮಧುಕೈಟಭರು, ಮಹಿಷ, ಧೂಮ್ರಲೋಚನ, ಚಂಡಮುಂಡರು, ರಕ್ತಬೀಜ, ಶುಂಭನಿಶುಂಭರು ಒಬ್ಬರ ಹಿಂದೆ ಒಬ್ಬರು ರಣಭೂಮಿಯಲ್ಲಿ ಉರುಳುತ್ತಾರೆ. ಇವರ ಕಥೆಯನ್ನು ಕೇಳುವ ಭಕ್ತನಿಗೆ ಒಂದು ಗುಪ್ತ ನೆಮ್ಮದಿಯಿದೆ. ಅವರು ದೈತ್ಯರು, ಅವರಿಗೆ ಕೊಂಬುಂಟು, ಕೋರೆಹಲ್ಲುಂಟು, ಅವರ ಕೇಡು ಅವರ ಹುಟ್ಟಿನೊಡನೆ ಬಂದದ್ದು. ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡು, ಪ್ರಸಾದದ ಪೊಟ್ಟಣವನ್ನು ಹಿಡಿದು ಮನೆಗೆ ಮರಳುವಾಗ ಆ ಕೇಡು ತನ್ನನ್ನೂ ಹಿಂಬಾಲಿಸಿ ಬಂದೀತೆಂಬ ಅಂಜಿಕೆ ಆತನಿಗೆ ಇರುವುದಿಲ್ಲ.

ಆದರೆ ಮಹಾಭಾರತವನ್ನು ಬರೆದ ಋಷಿ ಈ ನೆಮ್ಮದಿಯನ್ನು ಪೂರ್ತಿಯಾಗಿ ಉಳಿಯಗೊಟ್ಟಿಲ್ಲ. ದೈತ್ಯನಲ್ಲದ, ದುಷ್ಟನೂ ಅಲ್ಲದ ಒಬ್ಬ ಒಳ್ಳೆಯ ಮನುಷ್ಯ ಹೇಗೆ ಕೆಟ್ಟನೆಂಬುದನ್ನು ಆತ ನಹುಷನ ಕಥೆಯಲ್ಲಿ ಹೇಳಿದ್ದಾನೆ. ಮಹಿಷನ ಕಥೆ ಭಯವನ್ನು ಹುಟ್ಟಿಸಿದರೆ ನಹುಷನ ಕಥೆ ನಾಚಿಕೆಯನ್ನು ಹುಟ್ಟಿಸುತ್ತದೆ. ವಿಜಯದಶಮಿಯ ಈ ಸಂದರ್ಭದಲ್ಲಿ ಎರಡನೆಯದೂ ಅಗತ್ಯವೇ.

ನಹುಷನು ಚಂದ್ರವಂಶದ ಅರಸು. ಆಯುವಿನ ಮಗ, ಯಯಾತಿಯ ತಂದೆ, ಪಾಂಡವರ ಪೂರ್ವಿಕ. ಉದ್ಯೋಗಪರ್ವದ ಪ್ರಕಾರ, ವೃತ್ರನನ್ನು ಕೊಂದ ಪಾಪದ ಭೀತಿಯಿಂದ ದೇವೇಂದ್ರನು ಸ್ವರ್ಗವನ್ನು ತೊರೆದು ನೀರಿನಲ್ಲಿ ಅಡಗಿಕೊಂಡನು. ಅರಸನಿಲ್ಲದ ಲೋಕ ತಲ್ಲಣಿಸಿತು. ದೇವತೆಗಳೂ ಋಷಿಗಳೂ ಕೂಡಿ ಆಲೋಚಿಸಿ, ಧಾರ್ಮಿಕನೆಂದು ಹೆಸರಾಗಿದ್ದ ನಹುಷನ ಬಳಿಗೆ ಬಂದು ಇಂದ್ರಪದವಿಯನ್ನು ವಹಿಸಿಕೊಳ್ಳಬೇಕೆಂದು ಬೇಡಿಕೊಂಡರು. ಆಗ ನಹುಷನು ಹಿಂಜರಿದನು. ತಾನು ದುರ್ಬಲ, ಅಷ್ಟು ದೊಡ್ಡ ಭಾರವನ್ನು ಹೊರಲಾರೆ ಎಂದನು. ಈ ವಿನಯ ನಟನೆಯಾಗಿರಲಿಲ್ಲ. ಅಧಿಕಾರಕ್ಕಾಗಿ ಹಪಹಪಿಸಿ ಹೋದವನು ಅವನಲ್ಲ. ಅಧಿಕಾರವೇ ಅವನನ್ನು ಹುಡುಕಿಕೊಂಡು ಬಂದಿತು. ದೇವತೆಗಳು ಅವನ ಹಿಂಜರಿಕೆಯನ್ನು ನೀಗಲು ಒಂದು ವರವನ್ನೂ ಕೊಟ್ಟರು: ಅವನ ಕಣ್ಣೆದುರಿಗೆ ಯಾರು ಬಂದರೂ ಅವರ ತೇಜಸ್ಸು ಅವನಿಗೆ ಸೇರಿಬಿಡುವುದು.

ಈ ವರದ ಅರ್ಥವನ್ನು ಗಮನಿಸಬೇಕು. ನಹುಷನಲ್ಲಿ ಹೊಸ ಶಕ್ತಿಯೇನೂ ಹುಟ್ಟಲಿಲ್ಲ. ಎದುರಿಗೆ ನಿಂತವರು ದುರ್ಬಲರಾದರು, ಅಷ್ಟೇ. ಲೋಕದ ಅಧಿಕಾರವೆಲ್ಲ ಸಾಮಾನ್ಯವಾಗಿ ಇದೇ ಬಗೆಯದು. ಮೇಜಿನ ಆಚೆ ಕುಳಿತವನ ತೋಳಿನಲ್ಲಿ ಹೆಚ್ಚಿನ ಬಲವಿರುವುದಿಲ್ಲ. ಅರ್ಜಿಯನ್ನು ಹಿಡಿದು ಈಚೆ ನಿಂತವನ ಬಲ ಕುಗ್ಗಿರುತ್ತದೆ.

ಮೊದಮೊದಲು ನಹುಷನು ಧರ್ಮದಿಂದಲೇ ಆಳಿದನು. ಕ್ರಮೇಣ ನಂದನವನದ ವಿಹಾರ, ಅಪ್ಸರೆಯರ ಗಾನ, ಗಂಧರ್ವರ ಸ್ತುತಿಗಳು ಅವನಿಗೆ ಅಭ್ಯಾಸವಾದುವು. ಒಂದು ದಿನ ಇಂದ್ರನ ಪತ್ನಿ ಶಚೀದೇವಿ ಅವನ ಕಣ್ಣಿಗೆ ಬಿದ್ದಳು. ತಾನು ಇಂದ್ರನಾದ ಮೇಲೆ ಇಂದ್ರಾಣಿ ತನ್ನ ಸೇವೆಗೆ ಏಕೆ ಬರುವುದಿಲ್ಲವೆಂದು ಕೇಳಿದನು. ದೇವತೆಗಳು ಪರಸ್ತ್ರೀಯೆಂದು ತಿಳಿಹೇಳಿದರೆ ಅವನ ಉತ್ತರ ಸಿದ್ಧವಾಗಿತ್ತು: ಹಿಂದೆ ಇಂದ್ರನು ಅಹಲ್ಯೆಯ ವಿಷಯದಲ್ಲಿ ತಪ್ಪಿ ನಡೆದಾಗ ಇವರೇಕೆ ತಡೆಯಲಿಲ್ಲ? ಹಿಂದಿನವರು ಮಾಡಿದ್ದನ್ನೇ ತಾನೂ ಮಾಡುತ್ತಿರುವೆನೆಂಬ ಈ ವಾದ ಎಷ್ಟು ಹಳೆಯದೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ಸ್ವರ್ಗದ ಸಭೆಯಲ್ಲಿಯೂ ಅದು ಕೇಳಿಬಂದಿತ್ತು. ಭೂಮಿಯ ಕಚೇರಿಗಳಲ್ಲಿ ಇಂದಿಗೂ ಕೇಳಿಬರುತ್ತಿದೆ.

ಶಚಿಗೆ ಆಶ್ರಯವಿತ್ತವನು ಬೃಹಸ್ಪತಿ. ಉಳಿದ ದೇವತೆಗಳು ನಹುಷನ ಸಿಟ್ಟಿಗೆ ಅಂಜಿ ಸಂಧಾನದ ಮಾತನ್ನಾಡಿದರು. ಕೊನೆಗೆ ಶಚಿಯು ಇಂದ್ರನ ಸಲಹೆಯಂತೆ ಒಂದು ಬೇಡಿಕೆಯನ್ನಿಟ್ಟಳು. ಹಿಂದೆ ಯಾವ ದೇವತೆಗೂ ಇಲ್ಲದಿದ್ದ ವಾಹನದಲ್ಲಿ, ಋಷಿಗಳು ಹೊತ್ತ ಪಲ್ಲಕ್ಕಿಯಲ್ಲಿ, ನಹುಷನು ಬರಬೇಕು. ಅವನಿಗೆ ಅದು ಬಲೆಯೆಂದು ತೋರಲಿಲ್ಲ. ತನ್ನ ಯೋಗ್ಯತೆಗೆ ಸಲ್ಲತಕ್ಕ ಗೌರವವೆಂದೇ ತೋರಿತು. ತಪಸ್ವಿಗಳ ಹೆಗಲಿನ ಮೇಲೆ ಅವನು ಏರಿದನು. ಅವಸರ ತಡೆಯದೆ ಹೆಗಲುಕೊಟ್ಟವರನ್ನು ‘ಸರ್ಪ, ಸರ್ಪ’ ಎಂದು, ಬೇಗ ನಡೆಯಿರೆಂದು, ಗದರಿಸಿ ಅಗಸ್ತ್ಯರನ್ನು ಕಾಲಿನಿಂದ ಒದೆದನೆಂದು ಜನಜನಿತವಾದ ಕಥೆ. ಅದೇ ಮಾತು ಶಾಪವಾಗಿ ಹಿಂದಿರುಗಿ ಅವನು ಸರ್ಪವಾಗಿ ನೆಲಕ್ಕೆ ಉರುಳಿದನು. ತಾನು ದುರ್ಬಲನೆಂದು ಕೈಮುಗಿದು ನಿಂತಿದ್ದ ಮನುಷ್ಯನಿಗೂ ಅಗಸ್ತ್ಯರನ್ನು ಒದೆದ ಮನುಷ್ಯನಿಗೂ ನಡುವೆ ಇದ್ದದ್ದು ಒಂದು ಪೀಠ ಮಾತ್ರ.

ಇದು ಪುರಾಣವಾಯಿತು. ಇಪ್ಪತ್ತನೆಯ ಶತಮಾನದ ಮನಶ್ಶಾಸ್ತ್ರಜ್ಞರು ಇದೇ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ದರು. 1971ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫಿಲಿಪ್ ಜಿಂಬಾರ್ಡೊ ಅವರು ಮನಶ್ಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಒಂದು ಕೃತಕ ಸೆರೆಮನೆಯನ್ನು ಕಟ್ಟಿಸಿದರು. ಪತ್ರಿಕೆಯ ಜಾಹೀರಾತನ್ನು ನೋಡಿ 70ಕ್ಕೂ ಹೆಚ್ಚು ಯುವಕರು ಅರ್ಜಿ ಹಾಕಿದ್ದರು. ದೇಹದಲ್ಲಿಯೂ ಮನಸ್ಸಿನಲ್ಲಿಯೂ ಆರೋಗ್ಯವಂತರೆಂದು ಕಂಡ 24 ಮಂದಿಯನ್ನು ಆರಿಸಿ, ದಿನಕ್ಕೆ 15 ಡಾಲರಿನಂತೆ ಸಂಭಾವನೆ ಗೊತ್ತುಮಾಡಿ, ನಾಣ್ಯವನ್ನು ಚಿಮ್ಮಿ ಕೆಲವರನ್ನು ಕಾವಲುಗಾರರನ್ನಾಗಿಯೂ ಕೆಲವರನ್ನು ಕೈದಿಗಳನ್ನಾಗಿಯೂ ಮಾಡಲಾಯಿತು. ಕಾವಲುಗಾರರಿಗೆ ಖಾಕಿ ಉಡುಪು, ಕೈಯಲ್ಲೊಂದು ದೊಣ್ಣೆ, ಎದುರಿನವರಿಗೆ ಕಣ್ಣು ಕಾಣಿಸದಂತಹ ಕನ್ನಡಿಯ ತಂಪುಕನ್ನಡಕ. ಕೈದಿಗಳಿಗೆ ಒಂದು ನಿಲುವಂಗಿ, ಕಾಲಿಗೆ ಸರಪಳಿ, ಹೆಸರಿನ ಬದಲಿಗೆ ಒಂದು ಸಂಖ್ಯೆ. ನಹುಷನ ನೋಟದಲ್ಲಿದ್ದ ವರವೇ ಈ ಕನ್ನಡಕದಲ್ಲಿಯೂ ಇದ್ದಿತು. ಕೈದಿಯು ತಲೆಯೆತ್ತಿ ನೋಡಿದರೆ ಅವನಿಗೆ ಕಾಣುತ್ತಿದ್ದುದು ಮತ್ತೊಬ್ಬ ಮನುಷ್ಯನ ಕಣ್ಣಲ್ಲ, ತನ್ನದೇ ಅಸಹಾಯ ಮುಖ.

ಎರಡನೆಯ ದಿನ ಕೈದಿಗಳು ಪ್ರತಿಭಟಿಸಿದರು. ಕಾವಲುಗಾರರು ಅದನ್ನು ಹತ್ತಿಕ್ಕಿದರು. ಅಲ್ಲಿಂದ ಮುಂದೆ ನಡುರಾತ್ರಿ ಎಬ್ಬಿಸಿ ಸಂಖ್ಯೆಗಳನ್ನು ಮತ್ತೆ ಮತ್ತೆ ಹೇಳಿಸುವುದು, ಹಾಸಿಗೆಯನ್ನು ಕಸಿದುಕೊಳ್ಳುವುದು, ಬಟ್ಟೆ ಬಿಚ್ಚಿಸುವುದು, ಬರಿಗೈಯಲ್ಲಿ ಶೌಚಾಲಯವನ್ನು ತೊಳೆಸುವುದು ನಿತ್ಯವಿಧಿಗಳಾದುವು. ಕೆಲವು ಕೈದಿಗಳ ಸ್ಥಿತಿಯನ್ನು ಕಂಡು ಅವರನ್ನು ಮೊದಲೇ ಬಿಡುಗಡೆ ಮಾಡಬೇಕಾಯಿತು. ಎರಡು ವಾರ ನಡೆಯಬೇಕಾಗಿದ್ದ ಪ್ರಯೋಗ ಆರು ದಿನಗಳಲ್ಲಿ ನಿಂತಿತು.

ಈ ಆರು ದಿನಗಳಲ್ಲಿ ಎಲ್ಲರಿಗಿಂತ ಹೆಚ್ಚು ಚಿಂತಿಸಬೇಕಾದ ಪಾತ್ರ ಕಾವಲುಗಾರರದಲ್ಲ, ಪ್ರಾಧ್ಯಾಪಕರದು. ಅವರು ಪ್ರಯೋಗವನ್ನು ನಡೆಸುವ ವಿಜ್ಞಾನಿಯಷ್ಟೇ ಆಗಿರದೆ ಆ ಸೆರೆಮನೆಯ ಸೂಪರಿಂಟೆಂಡೆಂಟರ ಸ್ಥಾನವನ್ನೂ ತಾವೇ ವಹಿಸಿಕೊಂಡಿದ್ದರು. ಕೈದಿಗಳನ್ನು ಬಿಡಿಸಲು ಹೊರಗಿನವರು ಬರುವರೆಂಬ ವದಂತಿ ಹಬ್ಬಿದಾಗ ಅವರು ವದಂತಿಯನ್ನು ಅಭ್ಯಾಸ ಮಾಡುವುದನ್ನು ಬಿಟ್ಟು ಸೆರೆಮನೆಯ ರಕ್ಷಣೆಗೆ ಓಡಾಡಿದರು. ಸಹೋದ್ಯೋಗಿಯೊಬ್ಬರು ಪ್ರಯೋಗದ ಬಗ್ಗೆ ಶಾಸ್ತ್ರೀಯವಾದ ಒಂದು ಪ್ರಶ್ನೆಯನ್ನು ಕೇಳಿದರೆ ಅವರಿಗೆ ಸಿಟ್ಟು ಬಂದಿತು. ಕಡೆಗೆ ಕ್ರಿಸ್ಟೀನಾ ಮ್ಯಾಸ್ಲಾಕ್ ಎಂಬ ಯುವ ವಿದುಷಿ ಅಲ್ಲಿಗೆ ಬಂದು, ಮುಖಕ್ಕೆ ಮುಸುಕು ಹಾಕಿದ ಕೈದಿಗಳ ಸಾಲನ್ನು ಕಂಡು ಕಣ್ಣೀರಿಟ್ಟು, ಇದು ಅನ್ಯಾಯವೆಂದು ಎದುರುಹೇಳಿದ ಮೇಲೆ ಅವರಿಗೆ ಎಚ್ಚರವಾಯಿತು. ಆ ದೃಶ್ಯವನ್ನು ನೋಡಿಹೋದ ಹೊರಗಿನವರು ಎಷ್ಟೋ ಮಂದಿ ಇದ್ದರೂ ಹಾಗೆ ಹೇಳಿದವರು ಅವರೊಬ್ಬರೇ ಎಂದು ಜಿಂಬಾರ್ಡೊ ಅವರು ಮುಂದೆ ತಾವಾಗಿಯೇ ಒಪ್ಪಿಕೊಂಡರು.

ಈ ಪ್ರಯೋಗದಿಂದ ಲೋಕ ಬಹುಬೇಗ ಒಂದು ಸುಲಭವಾದ ನೀತಿಯನ್ನು ತೆಗೆದುಕೊಂಡಿತು. ಉಡುಪನ್ನು ತೊಡಿಸಿ ದೊಣ್ಣೆಯನ್ನು ಕೊಟ್ಟರೆ ಯಾವನಾದರೂ ಕ್ರೂರಿಯಾಗುವನೆಂಬುದೇ ಆ ನೀತಿ. ಅದು ಪೂರ್ಣಸತ್ಯವಲ್ಲ. ಫ್ರಾನ್ಸಿನ ಸಂಶೋಧಕ ತಿಬೋ ಲ ತೆಕ್ಸಿಯೆ ಅವರು ಹಳೆಯ ಧ್ವನಿಮುದ್ರಣಗಳನ್ನೂ ಕಾಗದಪತ್ರಗಳನ್ನೂ ಪರಿಶೀಲಿಸಿ 2018 ಮತ್ತು 2019ರಲ್ಲಿ ಪ್ರಕಟಿಸಿದ ಬರಹಗಳಿಂದ ಬೇರೊಂದು ಚಿತ್ರ ಹೊರಬಿದ್ದಿದೆ. ಕಾವಲುಗಾರರು ಹೇಗೆ ನಡೆದುಕೊಳ್ಳಬೇಕೆಂಬ ಸೂಚನೆ ಅವರಿಗೆ ಮೊದಲೇ ದೊರೆತಿತ್ತು. ಮೆತ್ತಗಿದ್ದ ಒಬ್ಬ ಕಾವಲುಗಾರನನ್ನು, ಇನ್ನಷ್ಟು ಬಿಗಿಯಾಗಬೇಕು, ಇದು ಒಂದು ಒಳ್ಳೆಯ ಉದ್ದೇಶಕ್ಕಾಗಿ ನಡೆಯುತ್ತಿರುವ ಕಾರ್ಯ ಎಂದು ಮೇಲಿನವನು ಹುರಿದುಂಬಿಸಿದ್ದುಂಟು. 2001ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರಾದ ಹ್ಯಾಸ್ಲಮ್ ಮತ್ತು ರೀಕರ್ ಅವರು ಇಂತಹುದೇ ಸೆರೆಮನೆಯನ್ನು ಕಟ್ಟಿ, ಆದರೆ ಕಠಿಣರಾಗಿರೆಂದು ಯಾರೂ ಕಿವಿಯೂದದಂತೆ ನೋಡಿಕೊಂಡಾಗ, ಕಾವಲುಗಾರರು ತಮ್ಮ ಅಧಿಕಾರವನ್ನು ಚಲಾಯಿಸಲು ಸಂಕೋಚಪಟ್ಟರು. ಕೈದಿಗಳೇ ಒಗ್ಗಟ್ಟಾಗಿ ಆ ವ್ಯವಸ್ಥೆಯನ್ನು ಕೆಡವಿಹಾಕಿದರು.

ಆದ್ದರಿಂದ ಉಡುಪು ಭೂತದಂತೆ ಮೈಮೇಲೆ ಬರುವುದಿಲ್ಲ. ಮನುಷ್ಯನನ್ನು ಕೆಡಿಸುವುದು ಉಡುಪು ಮತ್ತು ಉಪದೇಶ ಎರಡೂ ಕೂಡಿದ ಯೋಗ. ನೀನು ಮಾಡುವುದು ಕ್ರೌರ್ಯವಲ್ಲ, ಕರ್ತವ್ಯ ಎಂದು ಹೇಳುವ ಒಂದು ಹಿರಿಯ ದನಿ ಅದಕ್ಕೆ ಬೇಕು. ನಹುಷನನ್ನು ಪೀಠಕ್ಕೇರಿಸಿದವರೂ ಒಂದು ತಪ್ಪು ಮಾಡಿದರು. ಅವನಿಗೆ ಎಲ್ಲರ ತೇಜಸ್ಸನ್ನೂ ಹೀರುವ ವರವನ್ನು ಕೊಟ್ಟರೇ ಹೊರತು ಅವನ ಅಧಿಕಾರಕ್ಕೆ ಅವಧಿಯನ್ನಾಗಲಿ ಎಲ್ಲೆಯನ್ನಾಗಲಿ ಗೊತ್ತುಪಡಿಸಲಿಲ್ಲ. ಪಾತ್ರವನ್ನು ವಹಿಸಿಕೊಂಡವನ ಪಾಪದಲ್ಲಿ ಪಾತ್ರವನ್ನು ಹಂಚಿದವನಿಗೂ ಪಾಲುಂಟು.

ಹಾಗಾದರೆ ಪಾತ್ರವನ್ನು ವಹಿಸಿಕೊಂಡವನು ನಿರ್ದೋಷಿಯೇ? ತಾನು ಕೇವಲ ಆಜ್ಞಾಧಾರಕ, ತನ್ನ ಕುರ್ಚಿಯಲ್ಲಿ ಯಾರು ಕುಳಿತಿದ್ದರೂ ಹೀಗೆಯೇ ಮಾಡುತ್ತಿದ್ದರು ಎಂದು ಅವನು ಹೇಳಿದರೆ ಒಪ್ಪಬಹುದೇ? ಇದೇ ಈ ವಿಷಯದ ತಿರುಳಾದ ಪ್ರಶ್ನೆ. ಸ್ಟ್ಯಾನ್‌ಫರ್ಡಿನ ಕಾವಲುಗಾರರಲ್ಲಿ ಎಲ್ಲರೂ ಕ್ರೂರರಾಗಲಿಲ್ಲ. ಸುಮಾರು ಮೂರನೆಯ ಒಂದು ಭಾಗದವರು ಮಾತ್ರ ಹಿಂಸೆಯಲ್ಲಿ ಸುಖ ಕಂಡರು. ಕೆಲವರು ನಿಯಮವನ್ನು ಮೀರದೆ ನಡೆದರು. ಇನ್ನು ಕೆಲವರು ಕೈದಿಗಳಿಗೆ ಸಣ್ಣಪುಟ್ಟ ಉಪಕಾರಗಳನ್ನೂ ಮಾಡಿದರು. ಒಂದೇ ಖಾಕಿ, ಒಂದೇ ದೊಣ್ಣೆ, ನಡತೆ ಮಾತ್ರ ಬೇರೆ ಬೇರೆ. ಯಾರು ಕುಳಿತಿದ್ದರೂ ಹೀಗೆಯೇ ಆಗುತ್ತಿತ್ತೆಂಬ ವಾದಕ್ಕೆ ಇಷ್ಟೇ ಸಾಕಾದ ಉತ್ತರ. ಆದರೆ ಆ ಒಳ್ಳೆಯ ಕಾವಲುಗಾರರ ವಿಷಯದಲ್ಲಿಯೂ ಒಂದು ಕಹಿಯಾದ ಮಾತಿದೆ. ಅವರಲ್ಲಿ ಒಬ್ಬನೂ ಪಕ್ಕದಲ್ಲಿದ್ದ ಕ್ರೂರಿಯ ಕೈಯನ್ನು ಹಿಡಿಯಲಿಲ್ಲ. ತಮ್ಮ ಪಾಳಿಯಲ್ಲಿ ತಾವು ಒಳ್ಳೆಯವರಾಗಿದ್ದರೆ ಸಾಕೆಂದುಕೊಂಡರು. ಪಲ್ಲಕ್ಕಿಗೆ ಮೌನವಾಗಿ ಹೆಗಲುಕೊಟ್ಟ ಋಷಿಗಳೂ ಒಳ್ಳೆಯವರೇ ಆಗಿದ್ದರು.

ಮೌನವನ್ನು ಮುರಿದರೆ ಏನಾಗುತ್ತದೆಂಬುದಕ್ಕೆ ಮತ್ತೊಂದು ಪ್ರಯೋಗ ಸಾಕ್ಷಿ ನುಡಿಯುತ್ತದೆ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರು ಸಾಮಾನ್ಯ ನಾಗರಿಕರನ್ನು ಕರೆಸಿ, ಪಕ್ಕದ ಕೋಣೆಯಲ್ಲಿದ್ದ ವ್ಯಕ್ತಿ ಪಾಠದಲ್ಲಿ ತಪ್ಪಿದಾಗಲೆಲ್ಲ ಅವನಿಗೆ ವಿದ್ಯುತ್ತಿನ ಆಘಾತ ಕೊಡಬೇಕೆಂದು ಹೇಳಿದರು. ಆಘಾತ 15 ವೋಲ್ಟಿನಿಂದ ಹಂತಹಂತವಾಗಿ 450ರವರೆಗೆ ಏರುತ್ತಿತ್ತು. ನಿಜವಾಗಿ ವಿದ್ಯುತ್ತು ಹರಿಯುತ್ತಿರಲಿಲ್ಲ. ಆದರೆ ಗುಂಡಿಯನ್ನು ಒತ್ತುವವರಿಗೆ ಅದು ತಿಳಿದಿರಲಿಲ್ಲ. ಮೊದಲು ಪ್ರಕಟವಾದ ಪ್ರಯೋಗದಲ್ಲಿ 40 ಮಂದಿಯ ಪೈಕಿ 26 ಮಂದಿ ಕೊನೆಯ ಗುಂಡಿಯನ್ನೂ ಒತ್ತಿದರು. ಹಿಂಜರಿದವರಿಗೆ, ಬೇರೆ ದಾರಿಯಿಲ್ಲ, ಮುಂದುವರಿಯಲೇಬೇಕು ಎಂಬ ಒಣ ಆಜ್ಞೆ ದೊರೆಯುತ್ತಿತ್ತು. ಆದರೆ ಬೇರೊಂದು ಸಲ, ಜೊತೆಯಲ್ಲಿ ಕುಳಿತಿದ್ದ ಇಬ್ಬರು ತಾವು ಮುಂದುವರಿಯುವುದಿಲ್ಲವೆಂದು ಎದ್ದುಬಿಡುವ ಏರ್ಪಾಡು ಮಾಡಿದಾಗ, 40 ಮಂದಿಯಲ್ಲಿ 36 ಮಂದಿ ಕೊನೆಯವರೆಗೆ ಹೋಗಲು ನಿರಾಕರಿಸಿದರು. ಅದೇ ಯಂತ್ರ, ಅದೇ ಆಜ್ಞೆ. ಇಬ್ಬರು ಒಲ್ಲೆವೆಂದರು, ಅಷ್ಟೇ. ಒಬ್ಬನ ಧೈರ್ಯವು ಹತ್ತು ಮಂದಿಯಲ್ಲಿ ನಿದ್ರಿಸುತ್ತಿರುವ ಧರ್ಮವನ್ನು ಎಬ್ಬಿಸುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಇಲ್ಲಿ ಆಸ್ತಿಕನಿಗೆ ಒಂದು ಸಂದೇಹ ಬರಬಹುದು. ತನಗೆ ಒದಗಿದ ಕರ್ಮವನ್ನು ಮಾಡಬೇಕು, ತಾನು ನಿಮಿತ್ತಮಾತ್ರನೆಂದು ತಿಳಿಯಬೇಕು ಎಂದು ಗೀತೆಯೇ ಹೇಳುವುದಲ್ಲವೇ? ಹೇಳುತ್ತದೆ. ಆದರೆ ಕೀರ್ತಿ ಬಂದಾಗ ಅಹಂಕಾರವನ್ನು ಬಿಡುವುದಕ್ಕಾಗಿ ಹೇಳಿದ ಮಾತನ್ನು, ಅನ್ಯಾಯ ಮಾಡಿದಾಗ ಹೊಣೆಯನ್ನು ಬಿಡುವುದಕ್ಕಾಗಿ ಬಳಸಲಾಗದು. ಹದಿನೆಂಟನೆಯ ಅಧ್ಯಾಯದಲ್ಲಿ ಎಲ್ಲವನ್ನೂ ಬೋಧಿಸಿ ಮುಗಿಸಿದ ಶ್ರೀಕೃಷ್ಣನು, ಇದನ್ನೆಲ್ಲ ಚೆನ್ನಾಗಿ ವಿಮರ್ಶಿಸಿ ತನಗೆ ಸರಿಕಂಡಂತೆ ಮಾಡುವುದನ್ನು ಅರ್ಜುನನಿಗೇ ಬಿಟ್ಟುಕೊಡುತ್ತಾನೆ. ಸಾಕ್ಷಾತ್ ಭಗವಂತನೇ ಬೇರೆ ದಾರಿಯಿಲ್ಲವೆಂದು ಹೇಳಲಿಲ್ಲ. ಪ್ರಯೋಗಶಾಲೆಯ ಅಧಿಕಾರಿ ಹೇಳಿದನು.

ಈ ವಿಚಾರ ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರಿಗೆ ದೂರದ್ದಲ್ಲ. ಊರಿನಲ್ಲಿ ಒಬ್ಬ ಮನುಷ್ಯ ಇಂತಹವರ ಮಗ, ಇಂತಹವರ ಮೊಮ್ಮಗ. ಅವನು ಎಷ್ಟೇ ದೊಡ್ಡ ಹುದ್ದೆಗೇರಲಿ, ಜಗಲಿಯ ಮೇಲೆ ಕುಳಿತ ಅಜ್ಜನೊಬ್ಬ ಏಕವಚನದಲ್ಲಿ ಕರೆದು ‘ಏನೋ, ಕಾಲು ನೆಲದ ಮೇಲಿದೆಯೇನೋ?’ ಎಂದು ಕೇಳಬಲ್ಲ. ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಅಂತಹ ಜಗಲಿಯಿಲ್ಲ, ಅಜ್ಜನೂ ಇಲ್ಲ. ಅಲ್ಲಿ ಮೊದಲ ಪ್ರಶ್ನೆ ಯಾವ ಕಚೇರಿ, ಎರಡನೆಯದು ಯಾವ ಹುದ್ದೆ. ವರ್ಷಗಳು ಉರುಳಿದಂತೆ ಹುದ್ದೆಯೇ ಮನುಷ್ಯನ ಹೆಸರಾಗಿಬಿಡುತ್ತದೆ. ಏಕವಚನದಲ್ಲಿ ಗದರಿಸುವವರನ್ನು ಕಳೆದುಕೊಂಡದ್ದು ವಲಸೆಯ ನಷ್ಟಗಳಲ್ಲಿ ಸಣ್ಣದೇನೂ ಅಲ್ಲ.

ದೊಡ್ಡ ಸಿಂಹಾಸನಗಳೇ ಬೇಕೆಂದಿಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು, ಪಿಂಚಣಿಗಾಗಿ ಬಂದ ಮುದುಕಿಯ ಸಹಿ ಹೊಂದುವುದಿಲ್ಲವೆಂದು ತಲೆಯೆತ್ತದೆ ಹೇಳಿ ಮೂರನೆಯ ಸಲ ಹಿಂದಕ್ಕೆ ಕಳುಹಿಸುವಾಗ, ಆ ಮರದ ಸ್ಟೂಲು ಇಂದ್ರಪೀಠವಾಗುತ್ತದೆ. ನಿಯಮ ಅವನ ಕಡೆಗಿದೆ. ಆದರೆ ನಡುಗುವ ಆ ಕೈಯನ್ನು ಕಣ್ಣೆತ್ತಿ ನೋಡಬಾರದೆಂದು ಯಾವ ನಿಯಮವೂ ಹೇಳಿಲ್ಲ. ಗೃಹನಿರ್ಮಾಣ ಸೊಸೈಟಿಯ ಕಾರ್ಯದರ್ಶಿ ಕಾವಲುಗಾರನನ್ನು ಗದರಿಸುವುದು, ಮನೆಯೊಡತಿ ಕೆಲಸದವಳಿಗೆ ಬೇರೆ ಲೋಟವನ್ನಿಡುವುದು, ತಾನು ಸೊಸೆಯಾಗಿ ಅತ್ತವಳೇ ಅತ್ತೆಯಾದಾಗ ಅಳಿಸುವುದು, ಎಲ್ಲವೂ ಒಂದೇ ಪಲ್ಲಕ್ಕಿಯ ಪಯಣಗಳು. ಭಾಷೆಯ ಸೇವೆಗೆಂದು ಹುಟ್ಟಿದ ಸಂಘಗಳಲ್ಲಿಯೂ, ವೇದಿಕೆಯ ಮೇಲಿನ ಕುರ್ಚಿಗಳ ಕ್ರಮಕ್ಕಾಗಿ ವರ್ಷಗಟ್ಟಲೆ ಮಾತು ಬಿಟ್ಟವರುಂಟು. ಕನ್ನಡದ ಹೆಸರಿನಲ್ಲಿ ಕುರ್ಚಿಯನ್ನು ಹತ್ತಿದವನು ಕುರ್ಚಿಯ ಹೆಸರಿನಲ್ಲಿ ಕನ್ನಡಿಗನನ್ನು ದೂರಮಾಡುವುದು ವಿಷಾದದ ಸಂಗತಿ.

ನಿವೃತ್ತಿಯ ಮರುದಿನ ಸತ್ಯ ತಾನಾಗಿ ಬಾಗಿಲು ತಟ್ಟುತ್ತದೆ. ನಿನ್ನೆಯವರೆಗೆ ಎದ್ದುನಿಲ್ಲುತ್ತಿದ್ದವರು ಇಂದು ನೋಡಿಯೂ ನೋಡದಂತೆ ಹೋಗುತ್ತಾರೆ. ಆಗ ಕೊರಗುವವನು ಜನ ಕೃತಘ್ನರೆಂದು ಹಳಿಯುತ್ತಾನೆ. ಜನ ಬದಲಾಗಿರುವುದಿಲ್ಲ. ನಮಸ್ಕಾರಗಳು ಕುರ್ಚಿಗೆ ಸಂದಿದ್ದುವು. ನಡುವೆ ಕುಳಿತವನು ಅವು ತನ್ನವೆಂದು ಎಣಿಸಿದ್ದನು.

ಇದಕ್ಕೆ ಮದ್ದು ಅಧಿಕಾರವನ್ನೇ ತೊರೆಯುವುದಲ್ಲ. ಕೌಂಟರಿನ ಹಿಂದೆ ಯಾರಾದರೂ ಕುಳಿತುಕೊಳ್ಳಲೇಬೇಕು. ಸಂಘಕ್ಕೆ ಅಧ್ಯಕ್ಷರು ಬೇಕೇ ಬೇಕು. ಭರತನು ಹದಿನಾಲ್ಕು ವರ್ಷಗಳ ಕಾಲ ಕೋಸಲವನ್ನು ಆಳಿದನು. ಅವನಿಗೂ ರಾಜ್ಯ ಬಯಸದೆ ಬಂದದ್ದೇ. ಆದರೆ ಅವನು ಅಯೋಧ್ಯೆಯನ್ನು ಬಿಟ್ಟು ನಂದಿಗ್ರಾಮದಲ್ಲಿ ನಾರುಡೆಯುಟ್ಟು ನೆಲೆಸಿ, ಸಿಂಹಾಸನದ ಮೇಲೆ ಅಣ್ಣನ ಪಾದುಕೆಗಳನ್ನಿಟ್ಟು, ರಾಜ್ಯದ ಪ್ರತಿಯೊಂದು ಕಾರ್ಯವನ್ನೂ ಅವುಗಳಿಗೆ ನಿವೇದಿಸಿ ನಡೆಸಿದನು. ನಹುಷನು ಎರವಲು ಪೀಠವನ್ನು ತನ್ನದೆಂದುಕೊಂಡನು. ಭರತನು ತನಗೇ ದೊರೆತಿದ್ದ ಪೀಠವನ್ನು ಎರವಲೆಂದುಕೊಂಡನು. ಹದಿನಾಲ್ಕು ವರ್ಷಗಳ ತರುವಾಯ ಅದನ್ನು ಹಿಂದಿರುಗಿಸುವಾಗ ಅವನ ಕೈ ನಡುಗಲಿಲ್ಲ.

ದೇವೀ ಮಾಹಾತ್ಮ್ಯದ ಮರ್ಮವೂ ಇದೇ ಅಲ್ಲವೇ? ದೇವಿಯು ಸಕಲ ದೇವತೆಗಳ ತೇಜಸ್ಸಿನಿಂದ ಆವಿರ್ಭವಿಸಿದಳು. ಶಿವನು ತ್ರಿಶೂಲವನ್ನೂ ವಿಷ್ಣುವು ಚಕ್ರವನ್ನೂ ವರುಣನು ಶಂಖವನ್ನೂ ಇಂದ್ರನು ವಜ್ರವನ್ನೂ ಹಿಮವಂತನು ಸಿಂಹವನ್ನೂ ಇತ್ತರು. ನಹುಷನಂತೆ ಅವಳಲ್ಲಿಯೂ ಎಲ್ಲರ ತೇಜಸ್ಸು ಬಂದು ಸೇರಿತು. ಆದರೆ ಅವನದು ಹೀರಿಕೊಂಡ ತೇಜಸ್ಸು, ಅವಳದು ಒಪ್ಪಿಸಲ್ಪಟ್ಟದ್ದು. ಮಹಿಷನನ್ನು ಕೊಂದ ಮೇಲೆ ಅವಳು ಇಂದ್ರಪೀಠದಲ್ಲಿ ಕೂರಲಿಲ್ಲ. ದೇವತೆಗಳ ಸ್ತುತಿಯನ್ನು ಕೇಳಿ, ಕಷ್ಟದಲ್ಲಿ ನೆನೆದಾಗ ಕಾಯುವೆನೆಂದು ಅಭಯವಿತ್ತು ಅಂತರ್ಧಾನ ಹೊಂದಿದಳು. ಕೆಲಸ ಮುಗಿದೊಡನೆ ಮರೆಯಾಗುವ ಶಕ್ತಿಯೇ ದೈವೀಶಕ್ತಿ. ಮುಗಿದರೂ ಇಳಿಯದೆ ಕುಳಿತದ್ದು ಆಸುರೀಶಕ್ತಿ.

ಮಹಾನವಮಿಯ ಆಯುಧಪೂಜೆಯನ್ನು ಹಿರಿಯರು ಇದನ್ನು ನೆನಪಿಸಲೆಂದೇ ಇಟ್ಟಂತಿದೆ. ಆ ದಿನ ಲೇಖನಿ, ಲೆಕ್ಕದ ಪುಸ್ತಕ, ತಕ್ಕಡಿ, ವಾಹನ, ಇಂದಿನ ದಿನಗಳಲ್ಲಿ ಗಣಕಯಂತ್ರ, ಎಲ್ಲವನ್ನೂ ಕೈಯಿಂದ ಕೆಳಗಿಳಿಸಿ ದೇವರ ಮುಂದಿಟ್ಟು ಅವುಗಳಿಗೆ ಕೈಮುಗಿಯಲಾಗುತ್ತದೆ. ಮರುದಿನ ಮತ್ತೆ ಕೈಗೆತ್ತಿಕೊಳ್ಳುವಾಗ ಅವು ದೇವರಿಂದ ಪಡೆದವು, ದೇವರಿಗೆ ಒಪ್ಪಿಸಬೇಕಾದವು. ಆ ಲೇಖನಿಯಿಂದ ಒಬ್ಬ ಬಡವನ ಅರ್ಜಿಯನ್ನು ವಿನಾಕಾರಣ ತಿರಸ್ಕರಿಸಿದರೆ ಅರಿಶಿನ ಕುಂಕುಮಗಳ ಪೂಜೆ ವ್ಯರ್ಥವಾದಂತೆಯೇ.

ನಹುಷನ ಕಥೆ ಶಾಪದಲ್ಲಿ ಮುಗಿಯುವುದಿಲ್ಲ. ವನಪರ್ವದಲ್ಲಿ ಹೆಬ್ಬಾವಾಗಿ ಬಿದ್ದಿದ್ದ ಅವನು ಭೀಮನನ್ನು ಸುತ್ತಿಕೊಂಡಾಗ ಧರ್ಮರಾಯನು ಬಂದು ಅವನ ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ಮನುಷ್ಯನ ಹಿರಿಮೆ ಹುಟ್ಟಿನಲ್ಲಿಲ್ಲ, ಸತ್ಯ, ದಾನ, ಕ್ಷಮೆ, ದಯೆಗಳ ನಡತೆಯಲ್ಲಿದೆಯೆಂದು ಧರ್ಮರಾಯನು ನುಡಿಯುತ್ತಾನೆ. ಆ ಮಾತುಗಳನ್ನು ಕೇಳಿ ನಹುಷನಿಗೆ ಬಿಡುಗಡೆಯಾಗುತ್ತದೆ. ನೆಲಕ್ಕೆ ಬಿದ್ದವನು, ತನ್ನ ವಂಶದ ಕಿರಿಯನೊಬ್ಬನಿಂದ ಪಾಠ ಕೇಳುವಷ್ಟು ಬಾಗಿದ ಮೇಲೆ, ಮತ್ತೆ ಮನುಷ್ಯನಾದನು.

ದಸರೆ ಕಳೆದ ಮೇಲೆ ಗೊಂಬೆಗಳನ್ನು ಮೆಟ್ಟಿಲುಗಳಿಂದ ಇಳಿಸುವ ಕೆಲಸ ಮನೆಯ ಮಕ್ಕಳದು. ಮೇಲಿನ ಮೆಟ್ಟಿಲಿನ ಪಟ್ಟದ ರಾಜ ರಾಣಿಯರನ್ನೂ ಕೆಳಗಿನ ಸಾಲಿನ ಶೆಟ್ಟಿ ಶೆಟ್ಟಮ್ಮರನ್ನೂ ಸಿಪಾಯಿಯನ್ನೂ ಹಳೆಯ ಸೀರೆಯ ಒಂದೇ ಬಗೆಯ ತುಂಡುಗಳಲ್ಲಿ ಸುತ್ತಿ ಒಂದೇ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಈ ವರ್ಷ ಆ ಪೆಟ್ಟಿಗೆಯ ಮುಚ್ಚಳವನ್ನು ಹಾಕುವಾಗ ಹಿರಿಯರೂ ಒಂದು ಗಳಿಗೆ ಪಕ್ಕದಲ್ಲಿ ನಿಂತು ನೋಡಲಿ. ಎತ್ತರದ ಮೆಟ್ಟಿಲನ್ನು ಕೊಟ್ಟ ತಾಯಿಯೇ ಅದರಿಂದ ಇಳಿಯುವ ವಿವೇಕವನ್ನೂ, ಪಕ್ಕದವನು ಪಲ್ಲಕ್ಕಿಯನ್ನೇರಿದಾಗ ಹೆಗಲು ಕೊಡಲೊಲ್ಲೆನೆನ್ನುವ ಧೈರ್ಯವನ್ನೂ ಎಲ್ಲರಿಗೂ ಅನುಗ್ರಹಿಸಲಿ.